ಎಡಗಡೆಯ ಸಾಲು

ಡಾಕ್ಟರು ಬೆನ್ನ ಹಿಂದೆ ನಿಂತಿದ್ದರು. ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದೇ ಸೌದಾಮಿನಿ ತಿಳಿದಿದ್ದಳು.

"ಸದ್ದು ಕೇಳಿಸಿದ ಕೂಡಲೇ ಕೈ ಎತ್ತಿ ಅಂದಿದ್ದೆ," ಎಂದರು ಅವರು ಮಲಯಾಳದಲ್ಲಿ.

"ನೀವು ಶುರು ಮಾಡಿ, ಎತ್ತುತ್ತೇನೆ."

ಡಾಕ್ಟರು ಮುಂದೆ ಬಂದು, ಕುರ್ಚಿ ಎಳೆದುಕೊಂಡು ಕೂತರು. ಅವರ ಕೈಯಲ್ಲಿ ಎರಡು ಕವಲಿನ ಉಕ್ಕಿನ ಕಡ್ಡಿಯಿತ್ತು. ಅದನ್ನು ಅವಳು ನೋಡುತ್ತಿದ್ದ ಹಾಗೆಯೇ ಅಂಗೈಗೆ ಬಡಿದು ಅವಳ ಎಡಗಿವಿಯ ಪಕ್ಕ ಹಿಡಿದರು. ಕವಲುಗಳು ನಡುಗುವುದು ಕಣ್ಣಂಚಿಗೆ ಕಾಣುತ್ತಿತ್ತು. ಸದ್ದು ಮಾತ್ರ ಇರಲಿಲ್ಲ. ಅವರು ಮತ್ತೆ ಬಡಿದು, ಈ ಸಲ ಕಡ್ಡಿಯ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ತಲೆಯೊಳಗೇ ಯಾರೋ ತಂಬೂರಿ ಮೀಟಿದಂತಾಯಿತು. ಸೌದಾಮಿನಿ ಬೆಚ್ಚಿ ಹಿಂದೆ ಸರಿದಳು.

"ಬಲಗಡೆ ನೋಡುವ," ಎಂದರು ಡಾಕ್ಟರು. ಬಲಗಿವಿಗೆ ಕೇಳಿಸಿತು. ಆದರೆ ಅವಳಿಗೆ ಸದ್ದು ನಿಂತ ಮೇಲೂ, ಅವರು ಕಡ್ಡಿಯನ್ನು ತಮ್ಮ ಕಿವಿಗೆ ಹಿಡಿದು ಇನ್ನೂ ಕೇಳುತ್ತಿದೆ ಎಂಬಂತೆ ತಲೆಯಾಡಿಸಿದರು.

ಅವರು ಅವಳ ಅರ್ಜಿಯನ್ನು ಎತ್ತಿ ಓದಿದರು. ಸಂಗೀತ ಅಧ್ಯಾಪಕರ ತರಬೇತಿಯ ಕೊನೆಯ ಪರೀಕ್ಷೆಗೆ ಲಗತ್ತಿಸಬೇಕಾದ ಆರೋಗ್ಯದ ಪ್ರಮಾಣಪತ್ರ. ಓದಿ ಮುಗಿಸಿದ ಮೇಲೂ ಅವರು ಕಾಗದದಿಂದ ಕಣ್ಣೆತ್ತಲಿಲ್ಲ.

"ಟೀಚರ್, ನಿಮಗೆ ಗೊತ್ತಿರಲಿಲ್ಲವೇ?"

"ಏನು?"

"ಎಡಗಿವಿ ಮುಕ್ಕಾಲು ಪಾಲು ಹೋಗಿದೆ. ಬಲದ್ದೂ ಸ್ವಲ್ಪ ಶುರುವಾಗಿದೆ. ಒಳಗೆ ಒಂದು ಸಣ್ಣ ಎಲುಬು ಇರುತ್ತದೆ, ಅದು ಗಟ್ಟಿಯಾಗುತ್ತಾ ಬಂದಿದೆ. ಕೆಲವು ಹೆಂಗಸರಿಗೆ ಹೆರಿಗೆಯ ನಂತರ ಬೇಗ ಹೆಚ್ಚಾಗುವುದುಂಟು. ಕೊನೆಯ ಹೆರಿಗೆ ಯಾವಾಗ?"

"ನಾಲ್ಕು ವರ್ಷವಾಯಿತು. ಮಗು ಉಳಿಯಲಿಲ್ಲ. ಆದರೆ ನಾನು ಹಾಡುತ್ತೇನೆ ಡಾಕ್ಟರೇ. ಶ್ರುತಿ ಒಂದು ಎಳೆ ಸರಿದರೂ ನನಗೆ ತಿಳಿಯುತ್ತದೆ."

"ನಿಮ್ಮದೇ ದನಿ ಎಲುಬಿನ ಮೂಲಕ ಒಳಗಿಂದಲೇ ಬರುತ್ತದೆ. ಅದು ಎಲ್ಲರಿಗಿಂತ ಚೆನ್ನಾಗಿ ನಿಮಗೆ ಕೇಳುತ್ತದೆ. ಕೇಳದೆ ಇರುವುದು ಬೇರೆಯವರದ್ದು."

ಪತ್ರಕ್ಕೆ ಅವರು ಆ ದಿನ ಸಹಿ ಹಾಕಲಿಲ್ಲ. ಎರಡು ವಾರ ಬಿಟ್ಟು ಬರಲು ಹೇಳಿದರು. ಇನ್ನೊಮ್ಮೆ ನೋಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ ಎಂದರು.

ಸೌದಾಮಿನಿಗೆ ಆಗ ಮೂವತ್ತಮೂರು. ಕಾಸರಗೋಡಿನಲ್ಲಿ ಯಜ್ಞನಾರಾಯಣ ಭಾಗವತರ ಹತ್ತಿರ ಒಂಬತ್ತು ವರ್ಷ ಕಲಿತು, ಮದರಾಸಿನ ಸಂಗೀತದ ಹೈಯರ್ ಪರೀಕ್ಷೆ ಪಾಸು ಮಾಡಿ, ಕೊಚ್ಚಿಯ ಬಂದರು ಕಚೇರಿಯಲ್ಲಿ ಗುಮಾಸ್ತನಾಗಿದ್ದ ರಘುರಾಮನನ್ನು ಮದುವೆಯಾಗಿ ಫೋರ್ಟ್ ಕೊಚ್ಚಿಗೆ ಬಂದವಳು. ಅಲ್ಲಿನ ಹುಡುಗಿಯರ ಶಾಲೆಯೊಂದರಲ್ಲಿ ಆರು ವರ್ಷದಿಂದ ಹಂಗಾಮಿ ಸಂಗೀತ ಟೀಚರ್. ತರಬೇತಿಯ ಸರ್ಟಿಫಿಕೇಟ್ ಇಲ್ಲದವರನ್ನು ಮುಂದಿನ ವರ್ಷದಿಂದ ಇಟ್ಟುಕೊಳ್ಳುವುದಿಲ್ಲ ಎಂದು ಐವತ್ತೆಂಟರ ಬೇಸಗೆಯಲ್ಲಿ ಶಾಲೆಯವರು ಹೇಳಿದರು. ತರಬೇತಿಗೆ ತಿರುವನಂತಪುರದ ಕಾಲೇಜಿಗೆ ಹೋಗಿ ಒಂದು ವರ್ಷ ಇರಬೇಕು. ರಘುರಾಮ ಬೇಡ ಅನ್ನುತ್ತಾನೆ ಎಂದುಕೊಂಡಿದ್ದಳು. ಅವನು ತಟ್ಟೆಯಿಂದ ತಲೆಯೆತ್ತದೆ "ಹೋಗು" ಎಂದ. ಅಷ್ಟು ಸುಲಭವಾಗಿ ಹೇಳಿದ್ದರಿಂದ ಅವಳಿಗೆ ಸ್ವಲ್ಪ ನೋವೇ ಆಗಿತ್ತು. ಊರಿನಿಂದ ಅತ್ತೆ ಬಂದು ಮನೆಯನ್ನೂ ಅದೇ ಶಾಲೆಯಲ್ಲಿ ಓದುವ ಹನ್ನೊಂದರ ಮಗಳು ವಸಂತಿಯನ್ನೂ ನೋಡಿಕೊಳ್ಳುತ್ತಿದ್ದರು.

ಡಾಕ್ಟರನ್ನು ಕಂಡು ಹಾಸ್ಟೆಲಿಗೆ ಹಿಂತಿರುಗಿದ ಸೌದಾಮಿನಿ ಮಂಚದ ಮೇಲೆ ಕೂತು ಕೈಗಡಿಯಾರ ಬಿಚ್ಚಿ ಬಲಗಿವಿಗೆ ಹಿಡಿದಳು. ಟಿಕ್ ಟಿಕ್ ಸಣ್ಣಗೆ ಕೇಳಿಸಿತು. ಎಡಗಿವಿಗೆ ಹಿಡಿದಳು. ಗಡಿಯಾರ ನಿಂತುಹೋಗಿದೆಯೋ ಎಂದು ಮುಳ್ಳು ನೋಡಿದಳು. ಓಡುತ್ತಿತ್ತು. ಹೀಗೆ ಏಳೆಂಟು ಸಲ ಮಾಡಿರಬೇಕು. ಕೋಣೆಯ ಜೊತೆಗಾತಿ ದಾಕ್ಷಾಯಣಿ ಒಳಗೆ ಬಂದದ್ದು ಅವಳಿಗೆ ತಿಳಿಯಲಿಲ್ಲ. ದಾಕ್ಷಾಯಣಿ ಮೈಸೂರಿನ ಹುಡುಗಿ. ತಂದೆ ಇಲ್ಲಿನ ಬ್ಯಾಂಕೊಂದರಲ್ಲಿ ಏಜೆಂಟರಾಗಿದ್ದು ಈಗ ಬೇರೆ ಊರಿಗೆ ವರ್ಗವಾಗಿದ್ದರು. ಅವಳು ಮಂಚದ ಬಲಬದಿಗೆ ಬಂದು ಕೂತಳು.

"ಡಾಕ್ಟರ ಹತ್ರ ಏನಾಯ್ತು ಅಕ್ಕ?"

ಸೌದಾಮಿನಿ ಹೇಳಿದಳು. ದಾಕ್ಷಾಯಣಿಯ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಸಂಕೋಚ ಕಾಣಿಸಿತು.

"ನಿಮಗೆ ಗೊತ್ತಿದೆ ಅಂತಲೇ ಅಂದ್ಕೊಂಡಿದ್ದೆ. ಹೇಳ್ಕೊಳ್ಳೋಕೆ ಇಷ್ಟ ಇಲ್ವೇನೋ ಅಂತ ನಾನೂ ಕೇಳಲಿಲ್ಲ. ಜುಲೈಯಿಂದ ನಾನು ನಿಮ್ಮ ಈ ಪಕ್ಕದಲ್ಲೇ ಅಲ್ವಾ ಕೂತ್ಕೊಳ್ಳೋದು?"

ಜುಲೈಯಿಂದ. ಸೌದಾಮಿನಿ ಲೆಕ್ಕ ಹಾಕಿದಳು. ಆರು ತಿಂಗಳು. ಮೇಷ್ಟರು ಹಾಡಿದ ಸ್ವರ ಗುರುತಿಸಿ ಬರೆಯುವ ತರಗತಿಯಲ್ಲಿ ತನಗೆ ಕಡಮೆ ಅಂಕ ಬೀಳುತ್ತಿದ್ದದ್ದು ನೆನಪಾಯಿತು. ಪುಸ್ತಕದ ಅಂಚಿನಲ್ಲಿ ಅವರು "ಗಮನ ಸಾಲದು" ಎಂದು ಕೆಂಪು ಮಸಿಯಲ್ಲಿ ಬರೆದಿದ್ದರು. ಮೇಷ್ಟರು ತನ್ನ ಎಡಕ್ಕೆ ಕೂರುತ್ತಿದ್ದರು. ಅವರ ದನಿ ವಯಸ್ಸಿನಿಂದ ಕುಗ್ಗಿದೆ ಎಂದು ಅವಳು ಮನಸ್ಸಿನಲ್ಲಿ ಅವರ ಬಗ್ಗೆ ಕನಿಕರ ಪಟ್ಟಿದ್ದಳು.

ಶನಿವಾರ ಬೆಳಿಗ್ಗೆಯ ರೈಲು ಹಿಡಿದು ಎರ್ನಾಕುಳಂಗೆ ಬಂದು, ಬೋಟಿನಲ್ಲಿ ಹಿನ್ನೀರು ದಾಟಿ, ಸಂಜೆಗೆ ಮನೆ ಸೇರಿದಳು. ಬಂದ ಕಾರಣ ಯಾರಿಗೂ ಹೇಳಲಿಲ್ಲ. ಮರುದಿನ ಅತ್ತೆ ಅಮ್ಮನವರ ದೇವಸ್ಥಾನಕ್ಕೆ ಹೊರಟುಹೋದ ಮೇಲೆ, ಚಾವಡಿಯಲ್ಲಿ ಪೇಪರು ಓದುತ್ತಿದ್ದ ರಘುರಾಮನ ಎದುರು ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟಳು. ಅವನು ಪೇಪರು ಮಡಚಿದ. ಆದರೆ ಅವನು ಮಾತಾಡುವ ಮೊದಲೇ, ಕಿಟಕಿಯ ಹತ್ತಿರ ಲೆಕ್ಕ ಮಾಡುತ್ತಿದ್ದ ವಸಂತಿ ಹೇಳಿದಳು:

"ಅದು ಎಲ್ಲಾರ್ಕ್ಕುಂ ಅರಿಯಾಂ ಅಮ್ಮೆ."

ಅವಳಿಗೆ ಮಲಯಾಳವೇ ಸಲೀಸು.

"ಎಲ್ಲರಿಗೂ ಗೊತ್ತು ಅಂದರೆ? ಯಾರಿಗೆ?"

"ಅಮ್ಮನ ಕ್ಲಾಸಿನಲ್ಲಿ. ಹಾಡಲು ಬಾರದವರು ಎಡಗಡೆ ಸಾಲಿನಲ್ಲಿ ಕೂತುಕೊಳ್ಳುವುದು. ಅಲ್ಲಿ ಹೇಗೆ ಹಾಡಿದರೂ ಟೀಚರ್ ಬೈಯುವುದಿಲ್ಲ." ಅವಳು ಪೆನ್ಸಿಲಿನ ತುದಿ ಕಚ್ಚಿದಳು. "ಕೆಲವರು ಬಾಯಿ ಮಾತ್ರ ಆಡಿಸುವುದು."

"ನೀನು ಎಲ್ಲಿ ಕೂತುಕೊಳ್ಳುವುದು?"

ವಸಂತಿ ಲೆಕ್ಕದ ಪುಸ್ತಕದ ಮೇಲೆ ಬಾಗಿದಳು.

"ನನಗೆ ಯಾಕೆ ಹೇಳಲಿಲ್ಲ ನೀನು?"

"ಹೇಳಿದರೆ ಅಮ್ಮನಿಗೆ ಬೇಜಾರಾಗುತ್ತದೆ ಅಂತ," ಎಂದಳು ವಸಂತಿ ಕನ್ನಡದಲ್ಲಿ, ಪುಸ್ತಕ ನೋಡುತ್ತಾ.

ಸೌದಾಮಿನಿ ನೆಲದ ಮೇಲೆ ಕೂತಳು. ತನ್ನ ತರಗತಿ ತುಂಬ ಶುದ್ಧವಾಗಿ ಹಾಡುತ್ತದೆ ಎಂದು ಇನ್ಸ್‌ಪೆಕ್ಟರ ಎದುರು ಹೆಮ್ಮೆ ಪಟ್ಟವಳು ಅವಳು. ಕೇಳಿದ್ದು ಬಲಗಡೆಯ ಹದಿನೈದು ಮಕ್ಕಳನ್ನು ಮಾತ್ರ. ಉಳಿದವರು ಎಷ್ಟೋ ವರ್ಷದಿಂದ ಅವಳ ಎದುರಿಗೇ ಕೂತು ಏನೂ ಕಲಿಯದೆ ಎದ್ದುಹೋಗಿದ್ದರು. ಅದರಲ್ಲಿ ಅವಳ ಮಗಳೂ ಒಬ್ಬಳು.

ರಘುರಾಮ ವಸಂತಿಯನ್ನು ಹೊರಗೆ ಆಡಲು ಕಳಿಸಿದ. ಆಮೇಲೆ ಕೇಳಿದ:

"ಇದು ಎಷ್ಟು ವರ್ಷದಿಂದ ಅಂತ ಹೇಳಿದರು ಡಾಕ್ಟರು?"

"ಆ ಹೆರಿಗೆ ಆದ ಮೇಲೆ ಜಾಸ್ತಿಯಾಗಿರಬೇಕು ಅಂತ."

"ಹಾಗಾದರೆ ಬೋಟಿನಲ್ಲಿ..." ಅವನು ಎದ್ದು ನಿಂತ, ಮತ್ತೆ ಕೂತ. "ಆ ಹೆರಿಗೆಯ ನಂತರ ನಿನ್ನನ್ನು ಊರಿಂದ ಕರಕೊಂಡು ಬಂದ ದಿವಸ. ಎರ್ನಾಕುಳಂನಿಂದ ಬೋಟಿನಲ್ಲಿ ಬರುವಾಗ ನಾನು ಹೇಳಿದ್ದು ನಿನಗೆ ಕೇಳಲಿಲ್ಲವಾ?"

"ನೀವು ಎಂತದೂ ಹೇಳಲಿಲ್ಲ."

"ಹೇಳಿದೆ. ನೀನು ಅಂಚಿಗೆ ಕೂತಿದ್ದೆ. ನಾನು ಈ ಕಡೆ." ಅವನು ಎಡಗೈ ತೋರಿಸಿದ. "ಮಗು ಹೋದಾಗ ನಾನು ಬರಬೇಕಾಗಿತ್ತು, ರಜೆ ಸಿಗಲಿಲ್ಲ ಅಂತ ಬರೆದದ್ದು ಸುಳ್ಳು, ನನಗೆ ಹೆದರಿಕೆಯಾಯಿತು, ಆ ಮಗುವನ್ನು ನೋಡಲು ಧೈರ್ಯ ಇರಲಿಲ್ಲ. ಅಷ್ಟು ಹೇಳಿದೆ. ತಪ್ಪಾಯಿತು ಅಂತಲೂ ಹೇಳಿದೆ. ನೀನು ನೀರು ನೋಡುತ್ತಾ ಕೂತಿದ್ದೆ. ತಿರುಗಲೂ ಇಲ್ಲ."

ಆ ಪ್ರಯಾಣ ಸೌದಾಮಿನಿಗೆ ಚೆನ್ನಾಗಿ ನೆನಪಿತ್ತು. ಇಡೀ ದಾರಿ ಇವನು ಒಂದು ಮಾತು ಆಡಿಯಾನು ಎಂದು ಅವಳು ಕಾದಿದ್ದಳು. ದಡ ಮುಟ್ಟುವ ಹೊತ್ತಿಗೆ ಇನ್ನು ಕಾಯುವುದಿಲ್ಲ ಎಂದು ಮನಸ್ಸನ್ನು ಕಲ್ಲು ಮಾಡಿಕೊಂಡಿದ್ದಳು. ನಾಲ್ಕು ವರ್ಷ ಆ ಕಲ್ಲನ್ನು ಹಾಗೆಯೇ ಇಟ್ಟುಕೊಂಡಿದ್ದಳು.

"ಮತ್ತೆ ಯಾಕೆ ಒಂದು ಸಲವೂ ಹೇಳಲಿಲ್ಲ ನೀವು?"

"ಉತ್ತರ ಕೊಟ್ಟಾಯಿತಲ್ಲ ಅಂತ ತಿಳಿದೆ. ನೀನು ಕ್ಷಮಿಸುವವಳಲ್ಲ ಅಂತ. ತಿರುವನಂತಪುರಕ್ಕೆ ಹೋಗು ಅಂದದ್ದು ಯಾಕೆ ಗೊತ್ತುಂಟಾ? ನನ್ನಿಂದ ಒಂದು ವರ್ಷ ದೂರ ಇದ್ದರೆ ನಿನಗೆ ಸ್ವಲ್ಪ ಸಮಾಧಾನ ಆದೀತು ಅಂತ."

ಇಬ್ಬರೂ ಅತ್ತರು ಎಂದು ಹೇಳಿದರೆ ಸರಿಯಾಗುವುದಿಲ್ಲ. ರಘುರಾಮ ಅತ್ತ. ಸೌದಾಮಿನಿಗೆ ಅಳುವೂ ಬರಲಿಲ್ಲ. ಯಾವುದನ್ನು ಮೊದಲು ನಂಬಬೇಕೆಂದು ತಿಳಿಯದೆ ಕೂತೇ ಇದ್ದಳು. ಅತ್ತೆ ಪ್ರಸಾದ ಹಿಡಿದು ಬಂದಾಗಲೂ ಅವಳು ಅಲ್ಲಿಯೇ ಇದ್ದಳು.

ಮಧ್ಯಾಹ್ನ ಊಟದ ಹೊತ್ತಿಗೆ ರಘುರಾಮ ಅವಳ ಬಲಗಡೆಗೆ ಮಣೆ ಹಾಕಿಕೊಂಡು ಕೂತು ಮೆಲ್ಲಗೆ ಹೇಳಿದ. ಪಾಲಾರಿವಟ್ಟಂನಲ್ಲಿ ಒಬ್ಬ ಡಾಕ್ಟರು ಇದ್ದಾರೆ, ಕಚೇರಿಯವರಿಗೆಲ್ಲ ಪತ್ರ ಬರೆದುಕೊಡುತ್ತಾರೆ, ಕಿವಿಗಿವಿ ನೋಡುವುದಿಲ್ಲ.

"ನಾಳೆಯೇ ತರಬಹುದು. ತಿರುವನಂತಪುರದ ಡಾಕ್ಟರು ಹೇಳಿದ್ದು ಕಾಲೇಜಿನವರಿಗೆ ಗೊತ್ತಾಗುವುದಿಲ್ಲವಲ್ಲ."

ಅವಳು ಕೂಡಲೇ ಬೇಡ ಎನ್ನಲಿಲ್ಲ. ಅನ್ನ ಕಲಸುತ್ತಾ ಯೋಚಿಸಿದಳು. ಆರು ವರ್ಷದ ಕೆಲಸ. ಮನೆ ಬಿಟ್ಟು ಕಳೆದ ಇಷ್ಟು ತಿಂಗಳು. ಅಷ್ಟರಲ್ಲಿ ವಸಂತಿ ಎದ್ದು ಕೈ ತೊಳೆಯಲು ಹೋಗುತ್ತಾ ಏನೋ ಗುನುಗಿದಳು. ಬಲಗಿವಿಯ ಹತ್ತಿರದಿಂದಲೇ ಹಾದುಹೋದದ್ದರಿಂದ ಅದು ಕೇಳಿಸಿತು. ಒಂದು ಸ್ವರವೂ ತನ್ನ ಜಾಗದಲ್ಲಿರಲಿಲ್ಲ. ಸಂಗೀತ ಟೀಚರ ಮಗಳು.

"ಬೇಡ," ಎಂದಳು ಸೌದಾಮಿನಿ. "ಮಕ್ಕಳಿಗೆ ಗೊತ್ತಿರುವುದನ್ನು ಕಾಲೇಜಿನವರಿಂದ ಮುಚ್ಚಿಟ್ಟು ಎಂತ ಮಾಡುವುದು?"

ಎರಡು ವಾರದ ಮೇಲೆ ಅದೇ ಡಾಕ್ಟರು ಮತ್ತೆ ನೋಡಿದರು. ಎಡಗಿವಿಯಿಂದ ಪ್ರಯೋಜನವಿಲ್ಲ, ಬಲಗಿವಿ ಸದ್ಯಕ್ಕೆ ಕೆಲಸಕ್ಕೆ ಸಾಕು, ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು ಎಂದು ಬರೆದುಕೊಟ್ಟರು. ಬಲದ್ದು ಎಷ್ಟು ಕಾಲ ಬರುತ್ತದೆ ಎಂದು ಕೇಳಿದ್ದಕ್ಕೆ, "ಐದು ವರ್ಷವೂ ಇರಬಹುದು, ಇಪ್ಪತ್ತೂ ಇರಬಹುದು. ನಾನು ಹೇಳಲಾರೆ," ಎಂದರು.

ಮಾರ್ಚಿನಲ್ಲಿ ಪರೀಕ್ಷೆ. ಉದ್ದದ ಹಾಲಿನ ಆಚೆ ತುದಿಯಲ್ಲಿ ಮೇಜು ಹಾಕಿಕೊಂಡು ಮೂವರು ಪರೀಕ್ಷಕರು ಕೂತಿದ್ದರು. ಅಭ್ಯರ್ಥಿಯ ಚಾಪೆ ಈಚೆ ತುದಿಯಲ್ಲಿ. ಸೌದಾಮಿನಿ ಚಾಪೆಯ ಮೇಲೆ ಕೂರದೆ ನೇರವಾಗಿ ಮೇಜಿನ ಬಳಿ ಹೋಗಿ ಪತ್ರವನ್ನು ಮುಂದಿಟ್ಟಳು. ಮುಖ್ಯ ಪರೀಕ್ಷಕರು ಓದಿ ಕನ್ನಡಕ ತೆಗೆದರು. ಪಕ್ಕದಲ್ಲಿದ್ದ ಅವಳ ಮೇಷ್ಟರು, ಪುಸ್ತಕದ ಅಂಚಿನಲ್ಲಿ ಕೆಂಪು ಮಸಿಯಿಂದ ಬರೆದವರು, ಪತ್ರವನ್ನು ಎರಡು ಸಲ ಓದಿ ಅವಳ ಮುಖ ನೋಡಿದರು.

"ಕಿವಿ ಕೇಳದವರು ಸಂಗೀತ ಕಲಿಸುವುದು ಹೇಗಮ್ಮ?" ಎಂದರು ಮುಖ್ಯ ಪರೀಕ್ಷಕರು. ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

"ಒಂದು ಕಿವಿ ಕೇಳುತ್ತದೆ ಸರ್. ಆ ಕಿವಿಯನ್ನು ಪರೀಕ್ಷೆ ಮಾಡಿ. ತಪ್ಪಿದರೆ ನಪಾಸು ಮಾಡಿ. ದೂರದಿಂದ ಹಾಡಿ ನಪಾಸು ಮಾಡಬೇಡಿ ಅಂತ ಅಷ್ಟೇ ಕೇಳುವುದು."

ಮೂವರೂ ತಮ್ಮತಮ್ಮಲ್ಲೇ ಮಾತಾಡಿದರು. ಏನು ಮಾತಾಡಿದರೋ ಅವಳಿಗೆ ಕೇಳಿಸಲಿಲ್ಲ. ಹೋಗಿ ಚಾಪೆಯ ಮೇಲೆ ಕೂರಲು ಸನ್ನೆ ಮಾಡಿದರು. ಆಮೇಲೆ ಮೇಷ್ಟರು ಎದ್ದು, ಪಂಚೆಯ ತುದಿ ಹಿಡಿದುಕೊಂಡು ಹಾಲ್ ದಾಟಿ ಬಂದು, ಚಾಪೆಯ ಮೇಲೆ ಅವಳ ಬಲಕ್ಕೆ ಕೂತು ಹಾಡಿದರು. ಹತ್ತು ಸ್ವರಪಂಕ್ತಿಗಳಲ್ಲಿ ಎಂಟನ್ನು ಅವಳು ಸರಿಯಾಗಿ ಬರೆದಳು. ಅವರ ದನಿ ಕುಗ್ಗಿರಲೇ ಇಲ್ಲ. ತುಂಬು ದನಿ ಅದು. ವರ್ಷವಿಡೀ ಅವಳು ಆ ದನಿಯನ್ನು ಕೇಳಿಯೇ ಇರಲಿಲ್ಲ.

ಮಧ್ಯಾಹ್ನ ಪಾಠ ಮಾಡಿ ತೋರಿಸುವ ಪರೀಕ್ಷೆ. ಪಕ್ಕದ ಶಾಲೆಯಿಂದ ಮೂವತ್ತು ಹುಡುಗಿಯರನ್ನು ಕರೆತಂದಿದ್ದರು. ಬೇರೆಯವರೆಲ್ಲ ಶ್ರುತಿಪೆಟ್ಟಿಗೆಯ ಮುಂದೆ ಕೂತು ಪಾಠ ಹೇಳಿದರು. ಅವಳು ಪೆಟ್ಟಿಗೆಯನ್ನು ಒಬ್ಬ ಹುಡುಗಿಗೆ ಕೊಟ್ಟು, ಸಾಲುಗಳ ನಡುವೆ ನಡೆದು, ಒಬ್ಬೊಬ್ಬಳ ಪಕ್ಕದಲ್ಲೂ ಬಾಗಿ ಬಲಗಿವಿ ಕೊಟ್ಟು ಕೇಳಿದಳು. ನಲವತ್ತು ನಿಮಿಷದಲ್ಲಿ ಮೂರು ಸರಳೆಯೂ ಮುಗಿಯಲಿಲ್ಲ. ಪಾಠ ನಿಧಾನವಾಯಿತು ಎಂದು ಅಂಕ ಕಳೆದರು.

ಹೊರಗೆ ಬಂದಾಗ ಗೇಟಿನ ಹತ್ತಿರ ರಘುರಾಮ ನಿಂತಿದ್ದ. ಬರುತ್ತೇನೆಂದು ಅವನು ಹೇಳಿರಲಿಲ್ಲ. ಸೌದಾಮಿನಿ ನಡೆಯುವುದನ್ನೇ ನಿಲ್ಲಿಸಿದಳು.

"ರಜೆ ಸಿಕ್ಕಿತಾ?" ಎಂದಳು, ಬೇರೆ ಮಾತು ತೋಚದೆ.

"ತೆಗೆದುಕೊಂಡೆ," ಎಂದ ಅವನು.

ಮೇ ಕೊನೆಗೆ ಫಲಿತಾಂಶ ಬಂತು. ಎರಡನೆಯ ದರ್ಜೆಯಲ್ಲಿ ಪಾಸಾಗಿದ್ದಳು. ದಾಕ್ಷಾಯಣಿಗೆ ಮೊದಲ ದರ್ಜೆ ಬಂದಿತ್ತು. ಅವಳ ಕಾಗದದಲ್ಲಿ ತನ್ನ ವಿಷಯಕ್ಕಿಂತ ಅಕ್ಕನ ವಿಷಯವೇ ಹೆಚ್ಚಿತ್ತು. ಶಾಲೆಯವರು ಡಾಕ್ಟರ ಪತ್ರ ನೋಡಿ, ಕೆಲಸ ಕಾಯಂ ಮಾಡಲಾಗುವುದಿಲ್ಲ, ತಪಾಸಣೆ ನೋಡಿಕೊಂಡು ವರ್ಷವರ್ಷಕ್ಕೆ ಮುಂದುವರಿಸುತ್ತೇವೆ ಎಂದರು. ಆಶಿಸಿದ್ದು ಇದಲ್ಲ. ಆದರೂ ಒಪ್ಪಿಕೊಂಡಳು. ಆ ವರ್ಷ ಕೇರಳ ಸರ್ಕಾರದ ವಿರುದ್ಧದ ಚಳವಳಿಯ ಗಲಾಟೆಯಲ್ಲಿ ಜೂನಿನಲ್ಲಿ ಶಾಲೆ ತೆರೆಯಲೇ ಇಲ್ಲ. ಪಾಠ ಶುರುವಾದದ್ದು ಆಗಸ್ಟಿನಲ್ಲಿ.

ಮೊದಲ ದಿನ ಅವಳು ತರಗತಿಗೆ ಹೋಗಿ, "ನನಗೆ ಎಡಗಿವಿ ಕೇಳುವುದಿಲ್ಲ," ಎಂದಳು. ಹುಡುಗಿಯರು ತಲೆ ತಗ್ಗಿಸಿದರು. ಯಾರೂ ನಗಲಿಲ್ಲ. ಅವಳು ಎಡಗಡೆಯ ಸಾಲನ್ನು ಎಬ್ಬಿಸಿ ಬಲಕ್ಕೆ, ತನ್ನ ಹತ್ತಿರಕ್ಕೆ ಕೂರಿಸಿಕೊಂಡಳು. ಹನ್ನೆರಡು ಮಂದಿ. ಷಡ್ಜ ಹಿಡಿಯಲು ಹೇಳಿದಳು.

ಹನ್ನೆರಡು ಬಾಯಿಂದ ಹನ್ನೆರಡು ಷಡ್ಜ ಬಂತು. ಇಷ್ಟು ಕೆಟ್ಟದ್ದನ್ನು ಅವಳು ನಿರೀಕ್ಷಿಸಿರಲಿಲ್ಲ. ಒಬ್ಬಳ ದನಿ ಮಂದ್ರಕ್ಕೆ ಜಾರಿತ್ತು, ಇನ್ನೊಬ್ಬಳದ್ದು ಬರೀ ಗಾಳಿ. ವಸಂತಿಯದ್ದು ರಿಷಭದ ಹತ್ತಿರ ಎಲ್ಲೋ ಅಲೆಯುತ್ತಿತ್ತು. ಸೌದಾಮಿನಿ ಪೂರ್ತಿ ಕೇಳಿದಳು, ಕೈ ಎತ್ತಿ ನಿಲ್ಲಿಸಲಿಲ್ಲ. ಆಮೇಲೆ ಮೊದಲ ಹುಡುಗಿಯ ಕಡೆ ಬಾಗಿದಳು.

"ನೀನೊಬ್ಬಳೇ ಹಾಡು," ಎಂದಳು. "ಮೆಲ್ಲಗೆ ಹಾಡು, ಅವಸರ ಇಲ್ಲ."