ಬಾಗಿಲಾಚೆಯ ಪ್ರಿಂಟರು

ಅಕೌಂಟ್ಸಿನ ಶಾಂತಲಾ ಫ್ಲಾಪಿ ಹಿಡಿದುಕೊಂಡು ತನ್ನ ಕಂಪ್ಯೂಟರ್ ರೂಮಿಗೆ ಬರುವುದನ್ನು ಚಲುವರಾಜು ದಿನವೂ ಕಾಯುತ್ತಿದ್ದ. ಹುಣಸೂರಿನ ಆ ಹೊಗೆಸೊಪ್ಪಿನ ಕಂಪನಿಯಲ್ಲಿ ಪ್ರಿಂಟರು ಇದ್ದದ್ದು ಒಂದೇ, ಅದೂ ಅವನ ಮೇಜಿನ ಮೇಲೆ. ಯಾರಿಗೆ ಒಂದು ಹಾಳೆ ಬೇಕಾದರೂ ಅವನ ಹತ್ತಿರವೇ ಬರಬೇಕು. ಮಿಕ್ಕವರು ಬಂದರೆ ‘ಆಮೇಲೆ ಬನ್ರೀ, ರಿಬ್ಬನ್ ಸರಿಯಿಲ್ಲ’ ಅನ್ನುತ್ತಿದ್ದ. ಶಾಂತಲಾ ಬಂದರೆ ಮಾತ್ರ ಕುರ್ಚಿ ಎಳೆದು ಹಾಕುತ್ತಿದ್ದ. ಪ್ರಿಂಟರು ಕರಕರ ಅನ್ನುತ್ತಾ ಸಾಲು ಸಾಲಾಗಿ ಹೊಡೆಯುವಷ್ಟು ಹೊತ್ತು ಅವಳು ಪಿರಿಯಾಪಟ್ಟಣದ ಬಸ್ಸಿನ ನೂಕುನುಗ್ಗಲು, ತಂಗಿಯ ಪರೀಕ್ಷೆ, ಏನೇನೋ ಹೇಳುತ್ತಿದ್ದಳು. ಪ್ರಿಂಟರು ಇನ್ನೂ ನಿಧಾನವಾಗಿ ಹೊಡೆಯಬಾರದೇ ಅನ್ನಿಸುತ್ತಿತ್ತು ಅವನಿಗೆ.

ಎರಡು ಸಾವಿರದ ಒಂದನೇ ಇಸವಿಯಲ್ಲಿ ಮ್ಯಾನೇಜರ್ ಷಣ್ಮುಖಪ್ಪ ಕಚೇರಿಗೆಲ್ಲ ನೆಟ್‌ವರ್ಕ್ ಹಾಕಿಸಿದರು. ಹಾಕಲು ಬಂದವನು ಕೆ.ಆರ್. ನಗರದ ಮಹೇಶ್‌ಕುಮಾರ್. ಮೈಸೂರಿನಲ್ಲಿ ಕೆಲಸ ಕಲಿತಿದ್ದ, ನಗುಮುಖದ ಹುಡುಗ. ಗೋಡೆಯುದ್ದಕ್ಕೂ, ಗೋಡೌನಿನ ಜಂತಿಯ ಮೇಲೂ ನೀಲಿ ವೈರು ಎಳೆದ. ಹೊಸ ಲೇಸರ್ ಪ್ರಿಂಟರನ್ನು ಚಲುವರಾಜುವಿನ ಕಂಪ್ಯೂಟರಿಗೇ ಜೋಡಿಸಿದ, ಆದರೆ ಗೋಡೆಗೊಂದು ತೂತು ಕೊರೆದು ಪ್ರಿಂಟರನ್ನು ಮಾತ್ರ ಬಾಗಿಲಾಚೆ ಹಾಲಿನಲ್ಲಿಟ್ಟ.

‘ಅಣ್ಣಾ, ನಿಮ್ಮ ಮಿಷಿನ್ನಲ್ಲಿ ಇದನ್ನ ಶೇರ್ ಮಾಡಿದೀನಿ. ಇನ್ನು ಯಾರ್ ಬೇಕಾದ್ರೂ ಕೂತ ಜಾಗದಿಂದ್ಲೇ ಪ್ರಿಂಟ್ ಕೊಡಬೋದು. ನಿಮಗೂ ತಾಪತ್ರಯ ತಪ್ಪಿತು’ ಅಂದ.

ಶಾಂತಲಾ ರೂಮಿಗೆ ಬರುವುದು ನಿಂತಿತು. ಹಾಲಿಗೆ ಬಂದು, ಹಾಳೆ ತೆಗೆದುಕೊಂಡು, ಬಾಗಿಲಲ್ಲಿ ತಲೆಯಾಡಿಸಿ ಹೋಗುತ್ತಿದ್ದಳು. ಅದನ್ನಾದರೂ ಸಹಿಸಬಹುದಿತ್ತು. ಮಹೇಶ ಬಂದಾಗಲೆಲ್ಲ ಅವಳ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಎಲ್ಲಿ ಒತ್ತಬೇಕು, ಪೇಪರ್ ಸಿಕ್ಕಿಕೊಂಡರೆ ಏನು ಮಾಡಬೇಕು ಅಂತ ಹೇಳಿಕೊಡುತ್ತಿದ್ದ. ಅವಳ ನಗು ಗೋಡೆಯ ತೂತಿನಿಂದ ಕೇಳಿಬರುತ್ತಿತ್ತು. ತನ್ನ ಮುಂದೆ ಅವಳು ಯಾವತ್ತೂ ಅಷ್ಟು ಜೋರಾಗಿ ನಕ್ಕಿರಲಿಲ್ಲ ಅನ್ನಿಸುತ್ತಿತ್ತು ಚಲುವರಾಜುವಿಗೆ. ತಂದ ಬುತ್ತಿಯನ್ನು ಹಾಗೇ ಮುಚ್ಚಿ ಮನೆಗೆ ಒಯ್ಯುತ್ತಿದ್ದ.

ಒಂದು ದಿನ ಮಹೇಶ ಹೊರಟ ಮೇಲೆ ಚಲುವರಾಜು ತನ್ನ ಕಂಪ್ಯೂಟರಿನಲ್ಲಿ ಆ ಶೇರಿಂಗ್ ತೆಗೆದುಹಾಕಿದ. ಅವನೊಬ್ಬನಿಗೆ ಬಿಟ್ಟು ಇನ್ಯಾರಿಗೂ ಪ್ರಿಂಟ್ ಬರಲಿಲ್ಲ. ಎಲ್ಲರೂ ನೆಟ್‌ವರ್ಕಿಗೆ ಹಿಡಿಶಾಪ ಹಾಕಿದರು. ಶಾಂತಲಾ ಮತ್ತೆ ಫ್ಲಾಪಿ ಹಿಡಿದು ಬಂದಳು. ಅವನು ಕುರ್ಚಿ ಎಳೆದು ಹಾಕಿದ.

‘ಆ ಹುಡುಗನ್ಗೆ ಕೆಲ್ಸ ಸರಿಯಾಗಿ ಬರಾಕಿಲ್ಲ ಕಣ್ರೀ’ ಅಂದ.

‘ಪಾಪ, ಅಷ್ಟೆಲ್ಲ ಕಷ್ಟಪಟ್ಟು ಹಾಕಿದ್ರು’ ಅಂದಳು ಶಾಂತಲಾ. ಆ ‘ಪಾಪ’ ಅವನಿಗೆ ಮುಳ್ಳಿನಂತೆ ಚುಚ್ಚಿತು.

ಅಲ್ಲಿಂದಾಚೆಗೆ ಅದೇ ಆಟವಾಯಿತು. ಮಹೇಶನ ಬೈಕಿನ ಸದ್ದು ಕಾಂಪೌಂಡಿನಲ್ಲಿ ಕೇಳಿದ ಕೂಡಲೇ ಚಲುವರಾಜು ಶೇರಿಂಗ್ ಹಾಕುತ್ತಿದ್ದ, ಅವನು ಹೋದ ಮೇಲೆ ತೆಗೆಯುತ್ತಿದ್ದ. ಮಹೇಶ ನೋಡಿದಾಗ ಎಲ್ಲ ಸರಿಯಾಗಿರುತ್ತಿತ್ತು. ಷಣ್ಮುಖಪ್ಪ ಎಲ್ಲರೆದುರೇ ಬೈದರು: ‘ಏನಪ್ಪಾ, ನೀನು ಬಂದಾಗ ಮಾತ್ರ ಓಡೋ ಮಿಷಿನ್ನು ನಮಗ್ಯಾಕೆ?’

ಮಹೇಶನ ಮುಖ ಸಣ್ಣಗಾಯಿತು. ಚಲುವರಾಜುವಿಗೆ ಅಂದು ಊಟ ರುಚಿಯೆನಿಸಿತು.

ಮುಂದಿನ ಸಲ ಬಂದಾಗ ಮಹೇಶ ಅಂದ, ‘ಅಣ್ಣಾ, ಗೋಡೌನ್ ಜಂತಿ ಮೇಲೆ ಇಲಿ ವೈರ್ ಕಡಿದಿರಬೇಕು. ಒಮ್ಮೆ ತಾಗುತ್ತೆ, ಒಮ್ಮೆ ಬಿಡುತ್ತೆ. ಹತ್ತಿ ನೋಡ್ತೀನಿ, ಏಣಿ ಹಿಡ್ಕೋತೀರಾ?’

ವೈರಿಗೆ ಏನೂ ಆಗಿಲ್ಲ ಅಂತ ಚಲುವರಾಜುವಿಗೆ ಗೊತ್ತಿತ್ತು. ಬಾಯಿ ಬಿಡಬೇಕು ಅನ್ನುವಷ್ಟರಲ್ಲಿ ಶಾಂತಲಾ ಕಿಟಕಿಯಿಂದ ‘ಹುಷಾರು ಮಹೇಶ್’ ಅಂದಳು. ಬಾಯಿ ಮುಚ್ಚಿಕೊಂಡಿತು. ಏಣಿ ಹಿಡಿದ.

ಮಹೇಶ ಏಣಿಯಿಂದ ಜಂತಿಯ ಹಲಗೆಯ ಮೇಲೆ ಕಾಲಿಟ್ಟ. ಹಳೆಯ ಹಲಗೆ ಲಟಕ್ಕನೆ ಮುರಿಯಿತು. ಸೊಪ್ಪು ಒತ್ತಿ ಕಟ್ಟಿದ ಬೇಲಿನ ಮೂಟೆಯ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕುರುಳಿದ. ಬಲಗೈ ಮುರಿದಿತ್ತು. ಅವನನ್ನು ಎತ್ತಿ ಜೀಪಿಗೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಚಲುವರಾಜುವೇ. ದಾರಿಯುದ್ದಕ್ಕೂ ಮಹೇಶ ನೋವಿನಲ್ಲೇ, ‘ನಿಮಗೆ ತೊಂದ್ರೆ ಕೊಟ್ಟೆ ಅಣ್ಣಾ’ ಅನ್ನುತ್ತಿದ್ದ.

ಮರುದಿನ ಶಾಂತಲಾ ರೂಮಿಗೆ ಬಂದಳು. ಕೈಯಲ್ಲಿ ಫ್ಲಾಪಿ ಇರಲಿಲ್ಲ. ಕುರ್ಚಿಯಲ್ಲೂ ಕೂರಲಿಲ್ಲ.

‘ಅವರ ಬೈಕ್ ಸದ್ದು ಕೇಳಿದ್ರೆ ಪ್ರಿಂಟ್ ಬರುತ್ತೆ, ಹೋದ್ರೆ ನಿಲ್ಲುತ್ತೆ. ನಿನ್ನೆ ಬಿದ್ದ ಮೇಲಿಂದ ಒಂದ್ಸಲಾನೂ ನಿಂತಿಲ್ಲ. ನಿಮ್ಮ ಮಿಷಿನ್ನಿಂದ ಮಾತ್ರ ಯಾವಾಗ್ಲೂ ಬರ್ತಿತ್ತು. ನೀವೇ ಅಲ್ವಾ?’

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಕಣ್ಣು ನೋಡಿ ಹೇಳಲಾಗಲಿಲ್ಲ. ‘ಊಂ’ ಅಂದ. ‘ನೀವು ಬರೋದು ನಿಂತೋಯ್ತು. ಅದಕ್ಕೆ.’

‘ಇಷ್ಟು ವರ್ಷ ನಾನೇ ಬಂದೆ. ನೀವು ಒಂದು ದಿನಾನಾದ್ರೂ ಎದ್ದು ನಮ್ಮ ಸೆಕ್ಷನ್‌ಗೆ ಬಂದಿದ್ರಾ? ನನಗೂ ನಿಮ್ಮ ಹತ್ರ ಮಾತಾಡೋಕೆ ಇಷ್ಟ ಇತ್ತು’ ಅಂದಳು. ‘ಇತ್ತು’ ಅನ್ನುವಾಗ ಅವಳ ದನಿ ಗಡುಸಾಗಿತ್ತು. ‘ಹೋಗಿ ಅವರಿಗೆ ಹೇಳಿ. ನನ್ನ ಹತ್ರ ಹೇಳಿ ಏನು ಪ್ರಯೋಜನ?’

ಭಾನುವಾರ ಚಲುವರಾಜು ಕೆ.ಆರ್. ನಗರದ ಬಸ್ಸು ಹತ್ತಿದ. ಮಹೇಶನ ತಾಯಿ ಸಣ್ಣತಾಯಮ್ಮ, ‘ಬಾಪ್ಪ, ನನ್ ಮಗನ್ನ ಆಸ್ಪತ್ರೆಗೆ ಸೇರಿಸ್ದೋನು ನೀನೇಯಾ? ನಿನ್ ಹೊಟ್ಟೆ ತಣ್ಣಗಿರಲಿ’ ಅಂತ ಕಾಫಿ ತಂದುಕೊಟ್ಟರು. ಲೋಟ ಕೆಳಗಿಟ್ಟು, ಅವರೆದುರಿಗೇ ಎಲ್ಲ ಹೇಳಿಬಿಟ್ಟ. ಆ ತಾಯಿ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಮಹೇಶ ತನ್ನ ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತಾ ಕೇಳಿದ, ‘ನಾನು ಹತ್ತೋವಾಗ ಏಣಿ ಹಿಡ್ಕೊಂಡಿದ್ದೋರು ನೀವೇ ಅಲ್ವಾ?’

‘ಹೂಂ.’

‘ಗೊತ್ತಿದ್ದೂ ಹಿಡ್ಕೊಂಡಿದ್ರಾ?’

ಚಲುವರಾಜು ಕುಡಿಯದೇ ಬಿಟ್ಟ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ. ‘ಹೋಗಿ ಅಣ್ಣಾ. ಈಗ ನನಗೆ ಏನ್ ಮಾತಾಡೋಕೂ ಆಗಲ್ಲ’ ಅಂದ ಮಹೇಶ.

ಸೋಮವಾರ ಚಲುವರಾಜು ಷಣ್ಮುಖಪ್ಪನವರಿಗೂ ಹೇಳಿದ. ಅವರು ಬಾಯಿಗೆ ಬಂದಂತೆ ಬೈದು, ಕಂಪ್ಯೂಟರ್ ರೂಮಿನಿಂದ ತೆಗೆದು ಗೋಡೌನಿನ ತೂಕದ ಮೇಜಿಗೆ ಹಾಕಿದರು. ಪ್ರಿಂಟರಿನ ಜವಾಬ್ದಾರಿಯೆಲ್ಲ ಶಾಂತಲಾಳಿಗೆ ಬಂತು.

ಈಗ ಬೇಲುಗಳ ತೂಕದ ಚೀಟಿ ಪ್ರಿಂಟ್ ಮಾಡಿಸಲು ಅವಳ ಸೆಕ್ಷನ್ನಿಗೆ ಹೋಗಬೇಕಾದವನು ಚಲುವರಾಜು. ಅವಳು ಮುಖ ತಿರುಗಿಸುವುದಿಲ್ಲ, ‘ಬನ್ನಿ’ ಅನ್ನುತ್ತಾಳೆ, ಕೆಲಸ ಮುಗಿಸಿಕೊಡುತ್ತಾಳೆ. ಒಂದು ದಿನ ಅವನು ನಿಂತಿದ್ದಾಗಲೇ ಫೋನು ಬಂತು. ‘ಕೈ ಹೇಗಿದೆ ಮಹೇಶ್? ಪಟ್ಟಿ ಬಿಚ್ಚಿದ್ರಾ?’ ಅಂತ ಅವಳು ಕೇಳಿದಳು, ಆ ಕಡೆಯ ಮಾತಿಗೆ ನಕ್ಕಳು. ಮಹೇಶನ ಕೈ ವಾಸಿಯಾಗಲಿ ಅಂತ ಚಲುವರಾಜು ಮನಸಾರೆ ಅಂದುಕೊಂಡಿದ್ದ. ಅಂದುಕೊಂಡಿದ್ದೂ ನಿಜ, ಆ ನಗು ಕೇಳಿ ಹೊಟ್ಟೆ ಉರಿದದ್ದೂ ನಿಜ. ಚೀಟಿಗಳನ್ನು ಮಡಚಿ ಜೇಬಿಗೆ ಹಾಕಿಕೊಂಡು, ಅವಳ ಮಾತು ಮುಗಿಯುವ ಮೊದಲೇ ಗೋಡೌನಿನ ಕಡೆ ನಡೆದ.