ಗಾಜಿನ ಬೀರುವಿನ ಬಸ್ಸು

ಸುಂಟಿಕೊಪ್ಪದ ಪರಮೇಶಪ್ಪ ಬಸ್ಸಿಗೆ ಮೈ ಕಟ್ಟುವ ಬಡಗಿ. ಆಗೆಲ್ಲ ಹೊರಗಿನಿಂದ ಬರುತ್ತಿದ್ದದ್ದು ಇಂಜಿನ್ನು, ಚಕ್ರ ಮತ್ತು ಎರಡು ಕಬ್ಬಿಣದ ತೊಲೆ ಮಾತ್ರ. ಚೌಕಟ್ಟು, ಹಲಗೆ, ಸೀಟು, ಚಾವಣಿ ಎಲ್ಲವೂ ಊರಿನ ಬಡಗಿಯ ಕೆಲಸ. ಕೊಡಗು ಒಂದು ಪ್ರತ್ಯೇಕ ರಾಜ್ಯವಾಗಿದ್ದ ಆ ಕೆಲವೇ ವರ್ಷಗಳಲ್ಲಿ ಮಡಿಕೇರಿ–ಕುಶಾಲನಗರ ರಸ್ತೆಯಲ್ಲಿ ಓಡಿದ ಮೂರು ಬಸ್ಸುಗಳು ಅವನ ಶೆಡ್ಡಿನಲ್ಲೇ ತಯಾರಾದವು.

ಮೂರನೆಯದು ಸಾಂತಪ್ಪ ಎಂಬುವನ ಬಸ್ಸು. ಅದಕ್ಕೆ ಕಂಡಕ್ಟರಾಗಿದ್ದವನು ಪರಮೇಶಪ್ಪನ ತಮ್ಮ ಶಿವಶಂಕರಪ್ಪ. ನಾಲ್ಕು ವರ್ಷದವನಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಅವನನ್ನು ಸಾಕಿದವಳು ಅತ್ತಿಗೆ, ಪರಮೇಶಪ್ಪನ ಹೆಂಡತಿ ಕಾಂತಮ್ಮ. ಅವಳಿಗೆ ಬೇರೆ ಮಕ್ಕಳಾಗಲಿಲ್ಲ. ಬಸ್ಸಿನ ಡ್ರೈವರ್ ಗುಡ್ಡೆಹೊಸೂರಿನ ಜವರ, ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮನೆತನದವನು.

ಒಂದು ಡಿಸೆಂಬರ್ ಬೆಳಿಗ್ಗೆ, ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಪಿಕಿಂಗ್ ಶುರುವಾಗಿದ್ದ ವಾರ, ಆ ಬಸ್ಸು ತಿರುವೊಂದರಲ್ಲಿ ರಸ್ತೆ ಬಿಟ್ಟು ಕೆರೆಗೆ ಬಿತ್ತು. ಎಡಮಗ್ಗುಲಾಗಿ ಬಿದ್ದದ್ದರಿಂದ ಜನ ಹತ್ತಿ ಇಳಿಯುವ ಬಾಗಿಲು ಕೆಸರಿನ ಅಡಿಗಾಯಿತು. ಕಿಟಕಿಗಳಿಗೆ ಅಡ್ಡ ಸರಳುಗಳಿದ್ದವು. ಒಂಬತ್ತು ಜನ ಸತ್ತರು. ಅವರಲ್ಲಿ ಶಿವಶಂಕರಪ್ಪನೂ ಇದ್ದ, ಜವರನೂ ಇದ್ದ.

ಜವರನ ಹೆಣ ಸಿಕ್ಕಿದ್ದು ಬಸ್ಸಿನ ಹಿಂತುದಿಯಲ್ಲಿ. ಬಲಗಡೆಯ ಡ್ರೈವರ್ ಬಾಗಿಲು ನೀರಿನಿಂದ ಮೇಲಕ್ಕೇ ಇತ್ತು. ಅದನ್ನು ಬಿಟ್ಟು ಅವನು ಹಿಂದಕ್ಕೆ ಯಾಕೆ ಹೋದ ಎಂದು ಜನ ಕೇಳಿದರು. ಕುಡಿದಿದ್ದ, ದಿಕ್ಕು ತಪ್ಪಿತ್ತು ಎಂದು ತಾವೇ ಉತ್ತರವನ್ನೂ ಹೇಳಿಕೊಂಡರು. ಎರಡು ದಿನದೊಳಗೆ ಅದೇ ಸತ್ಯವಾಯಿತು. ಶಿವಶಂಕರಪ್ಪನ ಶಿವಗಣಾರಾಧನೆಯ ದಿನ ಜವರನ ಹೆಂಡತಿ ರಂಗಮ್ಮ ಅಂಗಳದವರೆಗೆ ಬಂದು ನಿಂತಿದ್ದಳು. ಕಾಂತಮ್ಮ ಹೊರಗೆ ಬಂದು, ಎಲ್ಲರ ಎದುರಿಗೆ, "ನಿನ್ನ ಗಂಡ ನನ್ನ ಮಗನ್ನ ಕೊಂದ. ನಿನ್ನ ಮುಖ ತೋರಿಸ್ಬೇಡ, ಹೋಗು" ಎಂದಳು. ರಂಗಮ್ಮ ತಲೆ ತಗ್ಗಿಸಿಕೊಂಡು ಹೋದಳು.

ವಾರ ಕಳೆದ ಮೇಲೆ ಸಾಂತಪ್ಪ ಬಸ್ಸನ್ನು ಎತ್ತುಗಳಿಂದ ಎಳೆಸಿ ಪರಮೇಶಪ್ಪನ ಶೆಡ್ಡಿಗೇ ರಿಪೇರಿಗೆ ತಂದು ನಿಲ್ಲಿಸಿದ. ಪರಮೇಶಪ್ಪ ಒಳಗೆ ಹತ್ತಿ ಹಿಂದಿನ ಗೋಡೆಯ ಹತ್ತಿರ ಹೋದ. ಅಲ್ಲಿ ಹೊನ್ನೆ ಹಲಗೆಯ ಮೇಲೆ ಗೀರುಗಳಿದ್ದವು. ಕೆಲವು ಉಗುರಿನವು. ಇನ್ನು ಕೆಲವು ಆಳವಾಗಿದ್ದವು, ಸ್ಪ್ಯಾನರ್‌ನಂಥ ಕಬ್ಬಿಣದಿಂದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದು ಮೀಟಲು ನೋಡಿದ ಗುರುತು. ಜವರ ಹಿಂದಕ್ಕೆ ಯಾಕೆ ಹೋಗಿದ್ದನೆಂದು ಪರಮೇಶಪ್ಪನಿಗೆ ತಿಳಿಯಿತು. ಅವನು ಹಿಂದೆ ಸಿಕ್ಕಿಕೊಂಡ ಜನರನ್ನು ಹೊರಗೆ ಬಿಡಲು ದಾರಿ ಮಾಡುತ್ತಿದ್ದ.

ಅಲ್ಲಿ ಒಂದು ದಾರಿ ಇರಬೇಕಾಗಿತ್ತು. ಕಟ್ಟುವಾಗ ಪರಮೇಶಪ್ಪ ಹಿಂದೊಂದು ಬಾಗಿಲಿಗೆ ಚೌಕಟ್ಟು ಕೂರಿಸಿದ್ದ. ಸಾಂತಪ್ಪ ಬಂದು ನೋಡಿ, "ಹಿಂದಿನ ಬಾಗಿಲು ಯಾರು ತೆಗೀತಾರೆ ಪರಮೇಶಪ್ಪ? ಮುಚ್ಚಿಬಿಡು. ಉದ್ದಕ್ಕೊಂದು ಸೀಟ್ ಹಾಕಿದ್ರೆ ಐದು ಜನ ಕೂರ್ತಾರೆ" ಎಂದಿದ್ದ. ಬೇಡ ಎನ್ನಬಹುದಿತ್ತು. ಅವನು ಅನ್ನಲಿಲ್ಲ. ಒಂದೂವರೆ ಅಂಗುಲದ ಹಲಗೆ ತಂದು, ಬೋಲ್ಟು ಬಿಗಿದು, ಅಲುಗಾಡದ ಹಾಗೆ ಮುಚ್ಚಿದ. ಒಳ್ಳೆಯ ಕೆಲಸಗಾರ ಅವನು.

ಆ ಮಧ್ಯಾಹ್ನ ಅವನು ಕೀಸುಳಿ ತಗೊಂಡು ಗೀರುಗಳನ್ನೆಲ್ಲ ಕೀಸಿ ತೆಗೆದ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಕೈ ಮಾಡುತ್ತ ಹೋಯಿತು, ಅವನು ನಿಲ್ಲಿಸಲಿಲ್ಲ. ಮೇಲೆ ಬಣ್ಣ ಬಳಿದ. ತಿಂಗಳೊಪ್ಪತ್ತಿನಲ್ಲಿ ಬಸ್ಸು ಮತ್ತೆ ಓಡತೊಡಗಿತು, ದಿನಕ್ಕೆ ಎರಡು ಸಲ ಅವನ ಮನೆಯ ಮುಂದೆಯೇ.

ಅನಂತರ ಪರಮೇಶಪ್ಪ ಹೊಸ ಕೆಲಸ ಹಿಡಿಯಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಕೂತು ಅದೇ ಬಸ್ಸನ್ನು ಅಡಿಗೊಂದು ಅಂಗುಲದ ಲೆಕ್ಕದಲ್ಲಿ ಚಿಕ್ಕದಾಗಿ ಕಟ್ಟಲು ಶುರು ಮಾಡಿದ. ಎರಡಡಿ ಉದ್ದದ ಬಸ್ಸು. ಚಕ್ರಕ್ಕೆ ಹಳೆಯ ಟಯರಿನ ರಬ್ಬರು, ಸರಳುಗಳಿಗೆ ಛತ್ರಿ ಕಡ್ಡಿ, ಸೀಟುಗಳಿಗೆ ಕಂದು ಚರ್ಮ. ಚಾವಣಿಯ ಮೇಲಿನ ಕ್ಯಾರಿಯರಿನಲ್ಲಿ ಬಟ್ಟೆಯ ಗಂಟು, ಬುಟ್ಟಿ, ಟ್ರಂಕು. ಕಾಂತಮ್ಮ ಊಟ ತಂದಾಗಲೆಲ್ಲ ಹತ್ತಿರ ಕೂತು ನೋಡುತ್ತಿದ್ದಳು. ತಮ್ಮನ ನೆನಪಿಗೆ ಮಾಡುತ್ತಿದ್ದಾನೆಂದು ಅವಳು ತಿಳಿದಿದ್ದಳು. ಅವಳು ಬಂದಾಗಲೆಲ್ಲ ಅವನು ಬಸ್ಸಿನ ಹಿಂಬದಿಯನ್ನು ಗೋಡೆಯ ಕಡೆಗೆ ತಿರುಗಿಸಿಡುತ್ತಿದ್ದ.

ಹತ್ತು ತಿಂಗಳು ಹಿಡಿಯಿತು. ಮುಗಿದ ಮೇಲೆ ಪಡಸಾಲೆಯ ಗೋಡೆಗೆ ಸೇರಿಸಿ ಬೀಟೆಯ ಬೀರು ಮಾಡಿ ಮುಂದೆ ಗಾಜು ಹಾಕಿದ. ಬಸ್ಸಿನ ಬೆನ್ನು ಗೋಡೆಯ ಕಡೆಗೆ, ಮೂತಿ ನೋಡುವವರ ಕಡೆಗೆ ಸ್ವಲ್ಪ ಓರೆಯಾಗಿ ಇತ್ತು.

"ಕತ್ಲೇಲಿ ಕೂತಂಗಿದೆ. ಒಂದು ದೀಪ ಇಡಿ" ಎಂದಳು ಕಾಂತಮ್ಮ.

ಮನೆಗೆ ಕರೆಂಟಿರಲಿಲ್ಲ. ಲಾರಿಯೊಂದರ ಹಳೆಯ ಬ್ಯಾಟರಿಯನ್ನು ಕುಶಾಲನಗರದಲ್ಲಿ ಚಾರ್ಜು ಮಾಡಿಸಿ ತಂದು, ಅದೇ ಲಾರಿಯ ಮೀಟರ್ ಹಲಗೆಯ ಸಣ್ಣ ಬಲ್ಬೊಂದನ್ನು ಬೀರುವಿನ ಹೊರಗೆ ಕಟ್ಟಿದ. ಗಾಜಿನಲ್ಲಿ ಬಸ್ಸಿನ ಬದಲು ಅವನದೇ ಮುಖ ಕಂಡಿತು. ಅದನ್ನು ಬಿಚ್ಚಿ ಒಳಗೆ, ಮೇಲಿನ ಪಟ್ಟಿಯ ಹಿಂದೆ, ಬಲ್ಬು ಕಣ್ಣಿಗೆ ಬೀಳದ ಹಾಗೆ ಕೂರಿಸಿದ. ಪಟ್ಟಿಯ ಒಳಮೈಗೆ ಸುಣ್ಣದ ಬಿಳಿ ಬಳಿದ. ಈಗ ಬೆಳಕು ಮೆತ್ತಗೆ ಇಳಿದು ಬಸ್ಸಿನ ಬಣ್ಣ ಹೊಳೆಯಿತು.

ಕಾಂತಮ್ಮ ಬಗ್ಗಿ ನೋಡಿದಳು. "ಮೇಲೆಲ್ಲ ಚೆನ್ನಾಗಿದೆ. ಒಳಗೇನೂ ಕಾಣಲ್ಲ. ಶಂಕರ ನಿಂತ್ಕೋತಿದ್ದ ಜಾಗ ಕಾಣಲ್ಲ."

"ಇಷ್ಟು ಸಾಕು ಬಿಡು."

"ಯಾಕೆ ಸಾಕು? ಅವನಿಗೋಸ್ಕರ ಅಲ್ವಾ ಮಾಡಿದ್ದು?"

ಅವಳು ದಿನವೂ ಕೇಳಿದಳು. ಮೂರನೆಯ ದಿನ ಕ್ಯಾರಿಯರಿನ ಬಟ್ಟೆಗಂಟುಗಳನ್ನು ಎತ್ತಿ, ಚಾವಣಿಗೆ ಸೀಳು ಕೊರೆದು, ಎಣ್ಣೆ ಕಾಗದ ಅಂಟಿಸಿ, ಮೇಲೆ ಎರಡು ಬಲ್ಬು ಇಟ್ಟು ಗಂಟುಗಳಿಂದ ಮರೆಮಾಡಿದ. ಬಿಸಿ ಹೊರಗೆ ಹೋಗಲು ಬೀರುವಿನ ತಲೆಗೆ ತೂತು ಮಾಡಿದ. ಸಂಜೆ ಆರರ ಹೊತ್ತಿಗೆ ಅವಳನ್ನು ಕರೆದು ತಂತಿ ಸೇರಿಸಿದ.

ಕಿಟಕಿಗಳೆಲ್ಲ ಒಮ್ಮೆಲೇ ಬೆಳಗಿದವು. ಸೀಟುಗಳ ಸಾಲು, ಹಿಡಿಕೆಯ ಕಂಬಿ, ಟಿಕೆಟ್ ಚೀಲ ನೇತುಹಾಕುವ ಮೊಳೆಯವರೆಗೆ ಎಲ್ಲ ಕಂಡವು. ಕಾಂತಮ್ಮ ಅಳುತ್ತಲೇ ನಕ್ಕಳು. ಮುಂದಿನ ಗಾಜಿನಿಂದ ಸೀಟುಗಳ ನಡುವಿನ ದಾರಿಗುಂಟ ನೋಡುತ್ತ ಹೋದವಳ ಕಣ್ಣು ಕೊನೆಗೆ ನಿಂತಿತು.

"ಅದೇನು, ಹಿಂದೆ? ಬಾಗಿಲಿದ್ದಂಗಿದೆ."

"ಹೌದು."

"ಆ ಬಸ್ಸಿಗೆ ಹಿಂದೆ ಬಾಗಿಲಿತ್ತಾ?"

"ಇರ್ಲಿಲ್ಲ. ನಾನೇ ಮುಚ್ಚಿದೆ."

ಎಲ್ಲವನ್ನೂ ಹೇಳಿದ. ಸಾಂತಪ್ಪನ ಮಾತು, ಬೋಲ್ಟು, ಗೀರುಗಳು, ಕೀಸುಳಿ. ಕಾಂತಮ್ಮ ನೆಲದ ಮೇಲೆ ಕೂತು ಕೇಳಿದಳು. ಆಮೇಲೆ ಒಂದೇ ಮಾತು ಕೇಳಿದಳು:

"ಆ ಹೆಂಗಸನ್ನ ನಾನು ಅಂಗಳದಿಂದ ಓಡಿಸ್ದಾಗ ನೀವು ಒಳಗೇ ಇದ್ರಲ್ಲ?"

"ಆಗ ಗೀರು ನೋಡಿರ್ಲಿಲ್ಲ."

"ಬಾಗಿಲು ಮುಚ್ಚಿದ್ದು ಗೊತ್ತಿತ್ತಲ್ಲ."

ಅವನು ಎದ್ದು ತಂತಿ ಬಿಚ್ಚಿ ದೀಪ ಆರಿಸಿದ.

ಮರುದಿನ ಬೆಳಿಗ್ಗೆ ಇಬ್ಬರೂ ಗುಡ್ಡೆಹೊಸೂರಿಗೆ ನಡೆದುಕೊಂಡು ಹೋದರು. ಬಸ್ಸು ಹತ್ತಲು ಕಾಂತಮ್ಮ ಒಪ್ಪಲಿಲ್ಲ. ರಂಗಮ್ಮ ರಾಗಿ ಬೀಸುತ್ತಿದ್ದವಳು ಎದ್ದು ನಿಂತಳು, ಕೂರಲು ಹೇಳಲಿಲ್ಲ. ಪರಮೇಶಪ್ಪ ನಿಂತುಕೊಂಡೇ ಹೇಳಿ ಮುಗಿಸಿದ.

"ಸ್ಪ್ಯಾನರ್ ಗುರುತಾ?" ಎಂದಳು ರಂಗಮ್ಮ.

"ಹೌದಮ್ಮ. ಕೊನೇವರೆಗೂ ಹೊಡ್ದಿದ್ದಾನೆ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಾವರಿಸಿಕೊಂಡು, "ನಂಗೇಳಿ ಏನು ಬಂತು? ನನ್ ಗಂಡ ಕುಡೀತಿರ್ಲಿಲ್ಲ ಅಂತ ನಂಗೊತ್ತು. ಊರೋರಿಗೇಳಿ. ಭಾನುವಾರ ಸಂತೇಲಿ ನಿಂತ್ಕಂಡು, ಎಲ್ರು ಮುಂದೂ ಯೋಳಿ. ನಮ್ಮನೆ ಒಲೆಗೆ ಬೆಂಕಿ ಕೊಡೋರೂ ಇಲ್ದಂಗಾಗದೆ" ಎಂದಳು. ಕಾಂತಮ್ಮ ಅವಳ ಕೈ ಹಿಡಿಯಲು ಹೋದಳು. ರಂಗಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

ಭಾನುವಾರ ಸಂತೆ ತುಂಬಿತ್ತು. ಎಸ್ಟೇಟ್ ಲೈನಿನ ಕೂಲಿಯವರು, ಮೆಣಸಿನ ವ್ಯಾಪಾರಿಗಳು, ಮಾಪಿಳ್ಳೆ ಮೀನಿನವರು, ಎಲ್ಲರೂ ಇದ್ದರು. ಪರಮೇಶಪ್ಪ ಕಟ್ಟೆ ಹತ್ತಿ ಹೇಳತೊಡಗಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾವ ಬಸ್ಸಿಗಿದೆ ಹಿಂಬಾಗ್ಲು?" ಎಂದನೊಬ್ಬ.

"ಗೀರು ಎಲ್ಲಿ, ತೋರಿಸು ನೋಡೋಣ."

"ಕೀಸ್ಬಿಟ್ಟೆ ಅಂದೆನಲ್ಲ! ನಾನೇ ಕೀಸ್ಬಿಟ್ಟೆ!"

ಸಾಂತಪ್ಪ ಗುಂಪಿನಿಂದ ಮುಂದೆ ಬಂದು ಅವನ ಭುಜ ಹಿಡಿದ. ಆ ಹಿಡಿತದಲ್ಲಿ ಸಿಟ್ಟಿರಲಿಲ್ಲ. "ಒಡಹುಟ್ಟಿದವನು ಹೋದ ದುಃಖ. ಯಾರೂ ಏನೂ ಅನ್ಬೇಡಿ" ಎಂದು ಜನರಿಗೆ ಹೇಳಿ ಅವನನ್ನು ಮೆಲ್ಲಗೆ ಇಳಿಸಿದ. ಯಾರೋ ಅವನಿಗೆ ಚಾ ಕೊಡಿಸಿದರು. ಕೆರೆಯಿಂದ ಹೆಣ ಎತ್ತಿದವನೊಬ್ಬ, ನೀರೇ ಜವರನನ್ನು ಹಿಂದಕ್ಕೆ ತಳ್ಳಿರಬೇಕು, ಕುಡಿದವನಿಗೇನು ಗೊತ್ತಾಗುತ್ತದೆ ಎಂದ. ಬೈಸಿಕೊಳ್ಳಲು, ಹೊಡೆಸಿಕೊಳ್ಳಲು ಸಿದ್ಧನಾಗಿ ಹೋಗಿದ್ದ ಪರಮೇಶಪ್ಪನಿಗೆ ಸಿಕ್ಕಿದ್ದು ಕನಿಕರ.

ರಂಗಮ್ಮ ಸೊಪ್ಪಿನವರ ಸಾಲಿನ ಕೊನೆಯಲ್ಲಿ ನಿಂತು ಎಲ್ಲ ನೋಡಿದಳು. ಅವನು ಹತ್ತಿರ ಹೋದಾಗ, "ಬುಡಿ. ಆ ಗೀರು ಇದ್ದಾಗ ಬರ್ಬೇಕಿತ್ತು ನೀವು" ಎಂದಳು. ಸಂಕ್ರಾಂತಿ ಕಳೆದ ಮೇಲೆ ಅವಳು ಅರಕಲಗೂಡಿನ ತಮ್ಮನ ಮನೆಗೆ ಹೊರಟುಹೋದಳೆಂದು ಸುದ್ದಿ ಬಂತು.

ಸಂತೆಯ ಗಲಾಟೆಯಿಂದ ಒಂದಾಯಿತು. ಬೀರುವಿನ ಬಸ್ಸಿನ ವಿಷಯ ಊರಿಗೆಲ್ಲ ಗೊತ್ತಾಯಿತು. ಸಂಜೆಯಾದರೆ ಜನ ಅಂಗಳದಲ್ಲಿ ಸೇರಿ ದೀಪ ಹಾಕೆಂದು ಕೇಳುತ್ತಿದ್ದರು. ಅವನು ಹಾಕುತ್ತಿದ್ದ. ಪ್ರತಿಯೊಬ್ಬರಿಗೂ ಬೆರಳಿಟ್ಟು ಹಿಂದಿನ ಬಾಗಿಲನ್ನೇ ತೋರಿಸುತ್ತಿದ್ದ. "ಅಬ್ಬ, ಚಿಲಕಾನೂ ಇದೆ!" ಎಂದು ಅವರು ಸಂತೋಷಪಡುತ್ತಿದ್ದರು. "ಎಂಥ ಕೈ ಕೆಲಸ ಪರಮೇಶಪ್ಪಂದು!" ಕಾಂತಮ್ಮ ಪಡಸಾಲೆಗೆ ಬರುವುದನ್ನು ಬಿಟ್ಟಳು. ಅಡಿಗೆಮನೆಯ ಕಡೆಯಿಂದಲೇ ಹೋಗಿ ಬರುತ್ತಿದ್ದಳು. ಅವನಿಗೆ ಊಟ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಮುಂದಿನ ವರ್ಷ ಸಾಂತಪ್ಪ ಇನ್ನೊಂದು ಚಾಸಿ ತರಿಸಿ, ಮೈ ಕಟ್ಟಿಕೊಡೆಂದು ಕೇಳಲು ಬಂದ. "ಹಿಂಬಾಗಿಲು ಇಟ್ರೆ ಕಟ್ತೀನಿ" ಎಂದ ಪರಮೇಶಪ್ಪ. ಸಾಂತಪ್ಪ ನಿಟ್ಟುಸಿರು ಬಿಟ್ಟು, ಆರೋಗ್ಯ ನೋಡಿಕೋ ಎಂದು ಹೇಳಿ, ಕೆಲಸವನ್ನು ಕುಶಾಲನಗರದ ಬಡಗಿಗೆ ಕೊಟ್ಟ.

ಹೊಸ ಬಸ್ಸು ಮೊದಲ ಸಲ ಸುಂಟಿಕೊಪ್ಪಕ್ಕೆ ಬಂದ ದಿನ ಪರಮೇಶಪ್ಪ ನಿಲ್ದಾಣಕ್ಕೆ ಹೋದ. ಹಸಿರು ಬಣ್ಣ, ಮುಂದೆ ಹೂವಿನ ಹಾರ. ಹಿಂದಕ್ಕೆ ಹೋಗಿ ನೋಡಿದ. ಹಲಗೆ ಒತ್ತಾಗಿ ಕೂತಿತ್ತು, ಸಂದಿ ಕಾಣದ ಹಾಗೆ. ಒಳ್ಳೆಯ ಕೆಲಸಗಾರನೇ ಕಟ್ಟಿದ್ದ. ಕೈಯಿಂದ ತಟ್ಟಿದ. ಒಳಗೆ ಉದ್ದ ಸೀಟಿನಲ್ಲಿ ಕೂತಿದ್ದವರು ಯಾರೆಂದು ತಿರುಗಿ ನೋಡಿದರು. ಅವನು ಮತ್ತೆ ತಟ್ಟಿದ, ಜೋರಾಗಿ, ಎರಡೂ ಕೈಯಿಂದ.

"ಪರಮೇಶಣ್ಣ, ಪಕ್ಕಕ್ಕೆ ಸರೀರಿ. ಟೈಮಾಯ್ತು" ಎಂದ ಕಂಡಕ್ಟರ್, ಮೆತ್ತಗಿನ ದನಿಯಲ್ಲಿ.

ಇಬ್ಬರು ಬಂದು ಅವನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡರು. ಬಸ್ಸು ತುಂಬಿತ್ತು. ಅದು ಮಡಿಕೇರಿಯ ಕಡೆಗೆ ಹೊರಟಿತು.