ಕಡೇ ಸಾಲಿಗೆ ಕೇಳುವಷ್ಟು

ನಾದಿನಿ ಬಾಗಿ ವಯರು ಕೀಳುವಷ್ಟರಲ್ಲಿ ಈಶ್ವರಿ ಅವಳ ಕೈ ಹಿಡಿದುಬಿಟ್ಟಳು.

"ಅದನ್ನು ಮುಟ್ಟಬೇಡ!"

"ಎಂತ ಅತ್ತಿಗೆ? ಅಣ್ಣನನ್ನು ಈಗಷ್ಟೇ ಹೊತ್ತುಕೊಂಡು ಹೋದ್ರು. ಮನೆ ತೊಳಿಬೇಡ್ವಾ? ನೆಲದಲ್ಲಿ ಕರೆಂಟಿನ ಪೆಟ್ಟಿಗೆ ಉಂಟಲ್ಲ!"

ಹೆಣ ಎತ್ತಿದ ಮನೆಯನ್ನು ಒಳಗಿಂದ ಹೊರಕ್ಕೆ ತೊಳೆಯಲೇಬೇಕು; ಪೆರಾಬೆ ಊರಲ್ಲಿ ಅದಕ್ಕೆ ಎರಡು ಮಾತಿಲ್ಲ. ಆದರೆ ಮೂಲೆಯ ಕರಿ ಪೆಟ್ಟಿಗೆಯಲ್ಲಿ ನೀಲಿ ದೀಪ ಇನ್ನೂ ಮಿಟುಕುತ್ತಿತ್ತು. ನಿನ್ನೆಯಿಂದ ಕಣ್ಣು ಮುಚ್ಚದ ಈಶ್ವರಿಗೆ ಅದು ಗಂಡ ಉಸಿರಾಡಿದಂತೆಯೇ ಕಾಣುತ್ತಿತ್ತು.

*

ಗಂಡ ಪರಮೇಶ್ವರ ಮೈಕ್ ಸೆಟ್ಟಿನವನು. ಮೂವತ್ತು ವರ್ಷ ಮದುವೆ, ಶಾಲೆಯ ವಾರ್ಷಿಕೋತ್ಸವ ಎಂದು ತಿರುಗಿ ಊರವರ ಸ್ವರವನ್ನೆಲ್ಲ ರೆಕಾರ್ಡು ಮಾಡಿ ಆ ಪೆಟ್ಟಿಗೆಯಲ್ಲಿಟ್ಟ. ತಾನು ಮಾತ್ರ ಮಹಾ ಮೌನಿ. ಮೈಕಿನಲ್ಲಿ ಆಡಿದ್ದು ಒಂದೇ ಮಾತು: "ಹಲೋ... ಕಡೇ ಸಾಲಿನವರಿಗೆ ಕೇಳ್ತಾ ಉಂಟಾ?" ಕಡೇ ಸಾಲಿನ ಹಿಂದೆ ನಿಂತ ಈಶ್ವರಿ ಕೈ ಎತ್ತಬೇಕು, ಆಮೇಲೆಯೇ ಕಾರ್ಯಕ್ರಮ.

ಮೊನ್ನೆ ಪೆಟ್ಟಿಗೆಗೆ ದೊಡ್ಡ ಡಿಸ್ಕ್ ಹಾಕಿದ. "ಹಳೇದು ತುಂಬಿತು ಮಾರಾಯ್ತಿ, ವಯಸ್ಸೂ ಆಯ್ತು. ಎಲ್ಲ ಹೊಸದಕ್ಕೆ ಹೋಗ್ತಾ ಉಂಟು. ಹಸಿರು ದೀಪ ಬರುವವರೆಗೆ ಆಫ್ ಮಾಡ್ಬೇಡ. ಹಳೇದು ಒಮ್ಮೆ ನಿಂತ್ರೆ ಮತ್ತೆ ಏಳುದಿಲ್ಲ."

ನಿನ್ನೆ ಸಂಜೆ ಚಾ ಲೋಟ ಹಿಡಿದೇ ಗೋಡೆಗೊರಗಿದ. ಮತ್ತೆ ಏಳಲಿಲ್ಲ.

*

ಈಶ್ವರಿ ಕುರ್ಚಿ ಎಳೆದು ಕುಳಿತಳು. ಪೆಟ್ಟಿಗೆಯನ್ನು ವಯರು ಸಮೇತ, ಅಲುಗದಂತೆ ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಈಗ ನೀರು ಹಾಕು."

"ನೋಡಿದವರು ಎಂತ ಹೇಳ್ಲಿಕ್ಕಿಲ್ಲ ಅತ್ತಿಗೆ?"

"ನಿನ್ನ ಅಣ್ಣನ ಸ್ವರ ಇದ್ರಲ್ಲಿ ಬಿಟ್ರೆ ಇನ್ನೆಲ್ಲಿಯೂ ಇಲ್ಲ," ಎಂದಳು ಈಶ್ವರಿ.

ಜಗಲಿಯಲ್ಲಿದ್ದ ಪಕ್ಕದ ಮನೆಯ ಅಲೀಮಮ್ಮ ಬಾಗಿಲಿಗೆ ಬಂದಳು. "ಇರ್ಲಿ ಬಿಡಿ ಮಾರಾಯ್ರೆ. ನಮ್ಮ ಫಯಾಝನ ತಂದೆಯ ಸ್ವರ ಇರುದೂ ಅದ್ರಲ್ಲೇ." ಅವಳ ಗಂಡ ತೀರಿಹೋಗಿ ಆರು ವರ್ಷ.

ನಾದಿನಿ ಗೊಣಗುತ್ತಲೇ ಕೊಡಪಾನ ಬಗ್ಗಿಸಿದಳು. ಈಶ್ವರಿ ಕಾಲೆತ್ತಿದಳು, ಕುರ್ಚಿಯಡಿ ನೀರು ಹರಿಯಿತು, ತುಳಸಿ ಎಲೆ ತೇಲಿತು, ಮನೆಯೇ ಮೆಲ್ಲಗೆ ಎಲ್ಲಿಗೋ ಹೊರಟಂತಿತ್ತು. ಮಡಿಲು ಮಾತ್ರ ಬೆಚ್ಚಗಿತ್ತು. ಎಷ್ಟು ಹೊತ್ತು ಹಾಗೆ ಕುಳಿತಳೋ, ಕಣ್ಣು ಬಿಟ್ಟಾಗ ದೀಪ ಹಸಿರಾಗಿತ್ತು.

ಪೆಟ್ಟಿಗೆಯಲ್ಲಿದ್ದದ್ದನ್ನು ಪರಮೇಶ್ವರನ ಫೋನಿನಲ್ಲಿ ಕೇಳಬಹುದಿತ್ತು. ಈಶ್ವರಿ ಫಯಾಝನ ಮದುವೆಯ ರೆಕಾರ್ಡನ್ನು ಹುಡುಕಿ ಫೋನನ್ನು ಅಲೀಮಮ್ಮನಿಗೆ ಕೊಟ್ಟಳು. "ಒತ್ತಿ. ನಿಮ್ಮವರದ್ದೇ ಮೊದಲು ಕೇಳುವ."

ಅಲೀಮಮ್ಮ ಒತ್ತಿದಳು. ಮಕ್ಕಳ ಗಲಾಟೆ, ಕುರ್ಚಿ ಎಳೆಯುವ ಸದ್ದು. ಮತ್ತೆ, "ಹಲೋ... ಕಡೇ ಸಾಲಿನವರಿಗೆ ಕೇಳ್ತಾ ಉಂಟಾ?"

ನೀರು ಗುಡಿಸುತ್ತಿದ್ದ ನಾದಿನಿಯ ಕೈಯ ಹಿಡಿಸೂಡಿ ನಿಂತಿತು.

ಈಶ್ವರಿ ಎಡಗೈಯಲ್ಲಿ ಪೆಟ್ಟಿಗೆಯನ್ನು ಒತ್ತಿ ಹಿಡಿದು, ಬಲಗೈ ಎತ್ತಿದಳು.